ಗಡಿಯ ಟವರಿನ ತಲೆ ಬಗ್ಗಿಸಿದವರು

ಬೀದರದ ನಮ್ಮ ಆಫೀಸಿನಲ್ಲಿ ಗೋಡೆಯಗಲದ ಒಂದು ಪರದೆ ಇದೆ. ಅದರ ಮೇಲೆ ಇಡೀ ಜಿಲ್ಲೆ ಹಸಿರಾಗಿ ಕಾಣುತ್ತದೆ. ಬೆಳೆಯ ಹಸಿರಲ್ಲ, ಸಿಗ್ನಲ್ಲಿನ ಹಸಿರು. ಹೊರಗಿನಿಂದ ಯಾರೇ ದೊಡ್ಡವರು ಬಂದರೂ ನಮ್ಮ ಮ್ಯಾನೇಜರ್ ಮೊದಲು ಅವರನ್ನು ಅದರ ಮುಂದೆ ಕರೆದುಕೊಂಡು ಹೋಗಿ ನಿಲ್ಲಿಸುತ್ತಾರೆ. ಬಂದವರು ತಲೆಯಾಡಿಸುತ್ತಾರೆ, ಚಹಾ ಕುಡಿಯುತ್ತಾರೆ, ಹೋಗುತ್ತಾರೆ. ಅಷ್ಟು ಚೆಂದವಾಗಿ ಸುಳ್ಳು ಹೇಳುವ ವಸ್ತುವನ್ನು ನಾನು ಬೇರೆಲ್ಲೂ ಕಂಡಿಲ್ಲ. ಮನುಷ್ಯರಲ್ಲಿ ಒಬ್ಬರನ್ನು ಕಂಡಿದ್ದೇನೆ, ಅವರ ಮಾತು ಮುಂದೆ ಬರುತ್ತದೆ.

ಫೋನ್ ಕಂಪನಿಯೊಂದರ ನೆಟ್‌ವರ್ಕನ್ನು ಈ ಜಿಲ್ಲೆಯಲ್ಲಿ ಹೆಣೆಯುವುದು, ಹೆಣೆದದ್ದನ್ನು ಕಾಯುವುದು ನನ್ನ ಹೊಟ್ಟೆಪಾಡು. ಏನು ಕೆಲಸ ಎಂದು ಕೇಳಿದವರಿಗೆ ಸಿಮ್ ಮಾರುತ್ತೇನೆ ಎಂದು ಹೇಳಿ ಪಾರಾಗಿದ್ದೂ ಉಂಟು, ಯಾಕೆಂದರೆ ವಿವರಿಸಲು ಹೋದರೆ ಜನ ಆಕಳಿಸುತ್ತಾರೆ. ಆದರೆ ಇಲ್ಲಿ ಸ್ವಲ್ಪ ಹೇಳಲೇಬೇಕು. ನೆಟ್‌ವರ್ಕ್ ಎಂಬುದು ಒಂದೇ ಬಗೆಯದಲ್ಲ. ಹೊಲದ ನಡುವೆ ನಿಂತ ಎತ್ತರದ ಟವರು ದೂರದ ಹಳ್ಳಿಗಳನ್ನು ನೋಡಿಕೊಳ್ಳುತ್ತದೆ. ಗಾಂಧಿ ಗಂಜ್‌ನಂಥ ಗದ್ದಲದ ಕಡೆ ಅದೊಂದೇ ಸಾಲದು, ಬೀದಿದೀಪದ ಕಂಬಗಳಿಗೆ ಚಿಕ್ಕ ಚಿಕ್ಕ ಡಬ್ಬಿಗಳನ್ನು ಕಟ್ಟಬೇಕು. ಕಾಲೇಜುಗಳ ಒಳಗೆ ವೈಫೈ ಬೇಕು. ಬಟನ್ ಫೋನುಗಳಿಗೆ ಹಳೆಯ ಟೂಜಿ, ಸ್ಮಾರ್ಟ್‌ಫೋನುಗಳಿಗೆ ಫೋರ್‌ಜಿ, ಪೇಟೆಯವರ ಜಂಬಕ್ಕೆ ಫೈವ್‌ಜಿ. ಇವೆಲ್ಲ ಬೇರೆ ಬೇರೆ ಜಾತಿಯವು, ಆದರೆ ಒಂದೇ ಮನೆಯಲ್ಲಿ ಬಾಳಬೇಕು. ಮಾತಾಡುತ್ತಾ ನಡೆಯುವವನ ಕರೆಯನ್ನು ಇವು ಒಂದರಿಂದ ಒಂದಕ್ಕೆ ದಾಟಿಸಬೇಕು. ಹೆಸರಿಡುವ ದಿನ ಹೆಂಗಸರು ತೊಟ್ಟಿಲ ಮೇಲಿಂದ, ಕೆಳಗಿಂದ ಕೂಸನ್ನು ಕೈಯಿಂದ ಕೈಗೆ ದಾಟಿಸುತ್ತಾರಲ್ಲ, ಹಾಗೆ. ಕೊಡುವವಳು ಬಿಡುವ ಮೊದಲು ತೆಗೆದುಕೊಳ್ಳುವವಳು ಹಿಡಿದಿರಬೇಕು. ನನ್ನ ಇಡೀ ವಿದ್ಯೆ ಇಷ್ಟೇ.

ಈ ವಿದ್ಯೆಗೆ ನಮ್ಮ ಮ್ಯಾನೇಜರ್ ಇಟ್ಟಿರುವ ಹೆಸರು ಹೆಟೆರೋಜೀನಿಯಸ್ ನೆಟ್‌ವರ್ಕ್. ಪುಸ್ತಕದಲ್ಲೂ ಅದೇ ಹೆಸರಿದೆ, ತಪ್ಪೇನಿಲ್ಲ. ಆದರೆ ಪ್ರತಿ ಮೀಟಿಂಗಿನಲ್ಲಿ ಅದನ್ನು ಬಾಯಿ ತುಂಬಾ ಹೇಳುವಾಗ ಅವರ ಮುಖದಲ್ಲೊಂದು ಕಳೆ ಬರುತ್ತದೆ, ಆ ಮಾತನ್ನು ಹೇಳಿದ ಕೂಡಲೇ ಹಳ್ಳಿಗಳಲ್ಲಿ ಫೋನುಗಳು ತಾವಾಗಿಯೇ ರಿಂಗಾಗುತ್ತವೆ ಎಂಬಂತೆ. ಅವರು ದಕ್ಷಿಣದ ಕಡೆಯವರು. ಈ ಜಿಲ್ಲೆಗೆ ಬಂದು ವರ್ಷಗಳಾದವು, ಔರಾದ ಯಾವ ದಿಕ್ಕಿಗಿದೆ ಎಂದು ಈಗಲೂ ಪರದೆ ನೋಡಿ ಹೇಳುತ್ತಾರೆ. ಪೇಟೆಯೊಳಗಿನ ನಯಾ ಕಮಾನಿನ ಹತ್ತಿರ ಕಂಬಕ್ಕೆ ಡಬ್ಬಿ ಕಟ್ಟಿದ ದಿನ ಮಾತ್ರ ಖುದ್ದಾಗಿ ಬಂದಿದ್ದರು. ಊಟದ ಡಬ್ಬಿಗಿಂತ ಸ್ವಲ್ಪ ದೊಡ್ಡದಾದ ಆ ವಸ್ತುವಿಗೆ ರಿಬ್ಬನ್ ಕಟ್ಟಿಸಿ, ಅದನ್ನು ಕತ್ತರಿಸಿ, ಫೋಟೋ ತೆಗೆಸಿಕೊಂಡರು. ಹಣ್ಣಿನ ಗಾಡಿಯವರು ಏನೋ ಲೈಟು ಹಾಕಿದರು ಎಂದುಕೊಂಡು ವ್ಯಾಪಾರ ಮುಂದುವರಿಸಿದರು.

ಅವರ ಕೈಕೆಳಗಿನವರೂ ಅವರಿಗೆ ತಕ್ಕವರೇ. ನೆಟ್‌ವರ್ಕ್ ಹೇಗಿದೆ ಎಂದು ತಿಳಿಯಲು ಜೀಪಿನಲ್ಲಿ ಫೋನುಗಳನ್ನು ಇಟ್ಟುಕೊಂಡು ಊರೂರು ಸುತ್ತಿ ಅಳೆಯಬೇಕು. ಅದಕ್ಕೊಂದು ಗುತ್ತಿಗೆಯ ತಂಡ ಇತ್ತು. ಒಮ್ಮೆ ಅವರು ಭಾಲ್ಕಿ ತಾಲೂಕು ಪೂರ್ತಿ ಸುತ್ತಿದೆವು ಎಂದು ತಂದ ಅಳತೆ ನೋಡಿದರೆ ಎಲ್ಲ ಕಡೆಯೂ ಸಿಗ್ನಲ್ ಒಂದೇ ಸಮ, ಎಲ್ಲೂ ಏರಿಳಿತವಿಲ್ಲ. ಭಾಲ್ಕಿಯಲ್ಲಿ ಹುಟ್ಟಿ ಬೆಳೆದ ನನಗೆ ಆ ದಾರಿಯ ಪ್ರತಿ ತಗ್ಗೂ ಗೊತ್ತು. ವಿಚಾರಿಸಿದರೆ ಹಲಬರ್ಗಾದ ಟವರಿನ ಕೆಳಗಿನ ಹೋಟೆಲಿನಲ್ಲಿ ಚಹಾ, ಭಜಿ ಮುಗಿಸುವ ತನಕ ಜೀಪನ್ನು ಹಿಂದೆ ಮುಂದೆ ಓಡಿಸಿ ಅಳತೆ ಮುಗಿಸಿದ್ದರು. ನಾನದನ್ನು ಮ್ಯಾನೇಜರ್‌ಗೆ ಹೇಳಿದೆ. ಅವರು, "ರೀಡಿಂಗ್ ಚೆನ್ನಾಗೇ ಬಂದಿದೆಯಲ್ಲಮ್ಮ" ಎಂದರು. ಟವರಿನ ಬುಡದಲ್ಲಿ ಕೂತರೆ ರೀಡಿಂಗ್ ಚೆನ್ನಾಗಿ ಬಾರದೆ ಇನ್ನೇನಾಗುತ್ತದೆ.

ಇನ್ನು ಅವರ ಮಹಾಸಾಧನೆಗೆ ಬರುತ್ತೇನೆ. ಔರಾದ ತಾಲೂಕಿನ ಗಡಿಯಲ್ಲಿ ನಮ್ಮ ಟವರುಗಳು ವಿರಳ, ಬೇರೆ ಕಂಪನಿಯವು ಇಲ್ಲವೇ ಇಲ್ಲ. ಟವರಿನಿಂದ ದೂರ ಇರುವ ಫೋನುಗಳಲ್ಲಿ ಮಾತು ನಡುವೆ ಕಡಿದುಹೋಗುತ್ತದೆ. ಹಾಗೆ ಕಡಿದ ಕರೆಗಳನ್ನೆಲ್ಲ ಮೇಲಿನವರು ಲೆಕ್ಕ ಹಿಡಿಯುತ್ತಾರೆ, ಆ ಲೆಕ್ಕದಲ್ಲಿ ನಮ್ಮ ಜಿಲ್ಲೆ ಸದಾ ಹಿಂದೆ. ಇದಕ್ಕೆ ನೆಟ್ಟಗಿನ ದಾರಿ ಎಂದರೆ ಸಂತಪುರದ ಆಚೆ ಇನ್ನೊಂದು ಟವರು ಹಾಕುವುದು. ಮ್ಯಾನೇಜರ್ ಬೇರೆ ದಾರಿ ಕಂಡುಕೊಂಡರು. ಗಡಿಯ ಟವರುಗಳ ಆಂಟೆನಾಗಳನ್ನು ಕೆಳಮುಖ ಮಾಡಿಸಿ, ಅವುಗಳ ಕಸುವನ್ನೂ ಇಳಿಸಿಬಿಡುವುದು. ಆಂಟೆನಾ ತಲೆ ಬಗ್ಗಿಸಿದರೆ ಹತ್ತಿರದವರಿಗೆ ಮಾತ್ರ ಸಿಗುತ್ತದೆ. ದೂರದವರ ಫೋನು ನಮ್ಮ ಟವರಿಗೆ ಹತ್ತುವುದೇ ಇಲ್ಲ. ಹತ್ತದ ಕರೆ ಕಡಿಯುವುದೂ ಇಲ್ಲ, ಲೆಕ್ಕಕ್ಕೆ ಬರುವುದೂ ಇಲ್ಲ. ನಪಾಸಾಗುವ ಮಕ್ಕಳ ಹೆಸರನ್ನು ಹಾಜರಿಯಿಂದಲೇ ತೆಗೆದುಹಾಕಿ ಸಾಲೆಯ ಫಲಿತಾಂಶ ಏರಿಸುವ ಉಪಾಯ ಇದು. ಇಂಥದ್ದು ಹೊಳೆಯಬೇಕಾದರೂ ಒಂದು ಬಗೆಯ ಬುದ್ಧಿ ಬೇಕು, ಆ ಬುದ್ಧಿ ನನಗೆ ಬರಲಿಲ್ಲ ಎಂದು ನಾನು ಯಾವತ್ತೂ ವ್ಯಥೆಪಟ್ಟಿಲ್ಲ.

ಮೀಟಿಂಗಿನಲ್ಲಿ ನಾನು ಎದ್ದು ನಿಂತು ಹೇಳಿದೆ. "ಸರ್, ನಮ್ಮದು ಸಿಗದಿದ್ದರೆ ಆ ಹಳ್ಳಿಗಳ ಫೋನು ಗಡಿಯಾಚೆಯ ಟವರು ಹಿಡಿಯುತ್ತದೆ. ಅದು ಬೇರೆ ರಾಜ್ಯ."

"ಹಿಡೀಲಿ ಬಿಡಮ್ಮ, ರೋಮಿಂಗ್ ಫ್ರೀ ಇದೆ. ಅವರ ಕಾಲ್ ಡ್ರಾಪ್ ಆದರೆ ಆ ರಾಜ್ಯದ ಸರ್ಕಲ್‌ನವರ ತಲೆನೋವು."

"ಅಲ್ಲಿ ಜನ ಇದ್ದಾರೆ ಸರ್."

"ಕಾಲ್ ಟ್ರಾಫಿಕ್ ಎಲ್ಲಿದೆ ತೋರಿಸಿ ನೋಡೋಣ" ಎಂದು ಅವರು ನಕ್ಕರು. ಉಳಿದವರೂ ನಕ್ಕರು, ಯಾಕೆಂದರೆ ಸಂಬಳ ತೆಗೆದುಕೊಳ್ಳುವವರ ನಗು ಅವರ ಕೈಯಲ್ಲಿರುವುದಿಲ್ಲ. ಆ ಬದಲಾವಣೆಯ ಮೇಲೆ ನಾನು ಸಹಿ ಹಾಕುವುದಿಲ್ಲ ಎಂದೆ. ಬೇಕಾಗಿಯೂ ಇರಲಿಲ್ಲ. ಈಗ ಟವರು ಹತ್ತಿ ಆಂಟೆನಾ ತಿರುಗಿಸುವ ಕಾಲ ಹೋಯಿತು, ದೂರದ ಊರಿನಲ್ಲಿ ಕುರ್ಚಿಯಲ್ಲಿ ಕೂತವರು ಕಂಪ್ಯೂಟರಿನಿಂದಲೇ ತಲೆ ಬಗ್ಗಿಸುತ್ತಾರೆ. ಔರಾದವನ್ನು ಕನಸಿನಲ್ಲೂ ಕಾಣದ ಯಾರೋ ಒಂದು ಅಂಕಿ ಬದಲಿಸಿದರು. ಕಡಿಯುವ ಕರೆಗಳ ಲೆಕ್ಕ ಇಳಿಯಿತು. ಮ್ಯಾನೇಜರ್‌ಗೆ ಗಾಜಿನ ಒಂದು ಫಲಕ ಬಂತು, ಅದು ಪರದೆಯ ಪಕ್ಕದಲ್ಲೇ ಕೂತಿತು. ಪರದೆಯ ಹಸಿರು ಮಾತ್ರ ಹಾಗೆಯೇ ಉಳಿಯಿತು, ಯಾಕೆಂದರೆ ಅದನ್ನು ಹೊಸದಾಗಿ ಲೆಕ್ಕ ಹಾಕಲು ಯಾರೂ ಹೇಳಲಿಲ್ಲ.

ಹೀಗೆ ತಲೆ ಬಗ್ಗಿಸಿದ ಟವರುಗಳ ಆಚೆ, ಹಳ್ಳದ ತಗ್ಗಿನಲ್ಲಿರುವ ಒಂದು ಊರಿಗೆ ನನ್ನ ಅಕ್ಕನನ್ನು ಕೊಟ್ಟಿದೆ. ಅಕ್ಕ ಆ ಊರಿನ ಆಶಾ ಕಾರ್ಯಕರ್ತೆ. ಬಸುರಿಯರ ಹೆಸರು ಬರೆಯುವುದು, ಮಾತ್ರೆ ಕೊಡುವುದು, ಹೆರಿಗೆಯ ನೋವು ಬಂದಾಗ ಆಂಬ್ಯುಲೆನ್ಸ್ ಕರೆಸಿ ಜೊತೆಗೆ ಹೋಗುವುದು ಅವಳ ಕೆಲಸ. ನಾವು ಮನೆಯಲ್ಲಿ ಬುದ್ಧನ ಮೂರ್ತಿ ಇಟ್ಟುಕೊಂಡವರು. ಅಪ್ಪ ಸಾಲೆಯ ಮಾಸ್ತರರಾಗಿದ್ದರಿಂದ ನಾವಿಬ್ಬರೂ ಓದಿದೆವು. ಆ ಊರಿನಲ್ಲಿ ಹೆಚ್ಚಿನವರು ಕುರಿ ಸಾಕುವವರು, ತೊಗರಿ ಬೆಳೆಯುವವರು. ಅಕ್ಕ ಮೊದಲು ಹೋದಾಗ ಅವಳನ್ನು ಅಂಗಳದ ಹೊರಗೇ ನಿಲ್ಲಿಸಿ ಮಾತಾಡಿಸುತ್ತಿದ್ದರು. ಅವಳು ಜಗಳವಾಡಲಿಲ್ಲ, ಕಣ್ಣೀರೂ ಹಾಕಲಿಲ್ಲ. ಅಲ್ಲಿಯೇ ನಿಂತು ಒಂದೊಂದೇ ಬಾಣಂತನ ಮಾಡಿಸಿದಳು. ಮೊದಲು ಅಂಗಳ ಸಿಕ್ಕಿತು, ಆಮೇಲೆ ಕಟ್ಟೆ, ಕಡೆಗೆ ಅಡುಗೆ ಮನೆಯ ಬಾಗಿಲ ತನಕ ಅವಳಿಗೆ ಚಹಾ ಬರತೊಡಗಿತು. ಆ ಊರಿನಲ್ಲಿ ಅವಳು ಗಳಿಸಿದ್ದು ಅಷ್ಟೇ, ಅದರ ಬೆಲೆ ಅವಳಿಗೆ ಗೊತ್ತಿತ್ತು.

ಟವರಿನ ತಲೆ ಬಗ್ಗಿಸಿದ ಮೇಲೆ ಊರಿನಲ್ಲಿ ಫೋನುಗಳು ಸುಮ್ಮನಾದವು. ಆದರೆ ಜನ ಸುಮ್ಮನೆ ಕೂರುವವರಲ್ಲ. ಫೋನು ಹಿಡಿದು ಊರೆಲ್ಲ ತಿರುಗಿ, ಮೇಲಿನ ಓಣಿಯಲ್ಲಿ ಕುರಿ ಕೂಡುವ ದೊಡ್ಡಿಯ ಕಲ್ಲುಗೋಡೆಯ ಹತ್ತಿರ ಸಿಗ್ನಲ್ ಬರುತ್ತದೆ ಎಂದು ಕಂಡುಹಿಡಿದರು. ಅಂದಿನಿಂದ ಊರಿನ ಫೋನುಗಳೆಲ್ಲ ಆ ಗೋಡೆಯ ಸಂದುಗಳಲ್ಲಿ. ಯಾರದ್ದು ರಿಂಗಾದರೂ ಹತ್ತಿರ ಇದ್ದವರು ಎತ್ತಿ, ಇಂಥವರು ಹೊಲಕ್ಕೆ ಹೋಗಿದ್ದಾರೆ, ಆಮೇಲೆ ಹಚ್ಚಿರಿ ಎಂದು ಹೇಳುವ ಪದ್ಧತಿಯೇ ಬೆಳೆಯಿತು. ಅದು ನಮ್ಮ ಟವರಿನ ಸಿಗ್ನಲ್ ಅಲ್ಲ, ಮಹಾರಾಷ್ಟ್ರದ ಕಡೆಯದ್ದು ಎಂದು ಅವರಿಗೆ ಗೊತ್ತಿರಲಿಲ್ಲ. ಕಂಪನಿ ಕಳಿಸುವ ಮೆಸೇಜುಗಳನ್ನು ಓದುವ ಚಟ ಅಲ್ಲಿ ಯಾರಿಗೂ ಇಲ್ಲ, ಓದುವಂಥದ್ದನ್ನು ಕಂಪನಿ ಯಾವತ್ತೂ ಕಳಿಸಿಲ್ಲ.

ಒಂದು ಮಧ್ಯಾಹ್ನ ಕುರಿಗಾರರ ಮನೆಯ ಹಿರಿಯ ಸೊಸೆಗೆ ನೋವು ಬಂತು. ಅಕ್ಕ ಗೋಡೆಯ ಹತ್ತಿರ ಹೋಗಿ ತನ್ನ ಬಟನ್ ಫೋನಿನಿಂದ ಆಂಬ್ಯುಲೆನ್ಸಿಗೆ ಹಚ್ಚಿದಳು. ಆ ನಂಬರು ಎರಡೂ ರಾಜ್ಯಗಳಲ್ಲಿ ಒಂದೇ. ಫೋನು ಯಾವ ಟವರು ಹಿಡಿದಿರುತ್ತದೋ ಕರೆ ಆ ರಾಜ್ಯಕ್ಕೆ ಹೋಗುತ್ತದೆ. ಆ ಕಡೆಯಿಂದ ಮರಾಠಿಯಲ್ಲಿ ಮಾತು ಬಂತು. ಅಕ್ಕನೂ ಮರಾಠಿಯಲ್ಲೇ ಹೇಳಿದಳು. ಗಾಡಿ ಕಳಿಸುತ್ತೇವೆ, ಊರು ಯಾವುದು ಎಂದರು. ಅವಳು ಊರಿನ ಹೆಸರು ಹೇಳಿದಳು, ತಾಲೂಕು ಹೇಳುವಷ್ಟರಲ್ಲಿ ಕರೆ ಕಡಿಯಿತು. ಗಾಡಿ ಬರುತ್ತದಲ್ಲ ಎಂದು ಅವಳು ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಸುರಿಯ ಹತ್ತಿರ ಓಡಿದಳು. ಮನೆಯೊಳಗೆ ಫೋನು ಸತ್ತಂತೆಯೇ, ಅವರು ಮರಳಿ ಹಚ್ಚಿದ್ದರೂ ಹತ್ತುತ್ತಿರಲಿಲ್ಲ. ಅದೇ ಹೊತ್ತಿಗೆ ಸಂತಪುರಕ್ಕೆ ಹೊರಟಿದ್ದ ಸೋಯಾದ ಟೆಂಪೋ ಬಾಗಿಲಲ್ಲಿ ನಿಂತಿತ್ತು. ಅದರಲ್ಲಿ ಕರೆದುಕೊಂಡು ಹೋಗಲೇ ಎಂದು ಗಂಡ ಕೇಳಿದ. ಚೀಲಗಳ ಮೇಲೆ ಕುಲುಕಾಡಿಸಿಕೊಂಡು ಹೋಗುವುದು ಬೇಡ, ಆಂಬ್ಯುಲೆನ್ಸ್ ಬರುತ್ತಿದೆ ಎಂದು ಅಕ್ಕ ಟೆಂಪೋವನ್ನು ಕಳಿಸಿಬಿಟ್ಟಳು.

ಆಂಬ್ಯುಲೆನ್ಸ್ ಬರಲಿಲ್ಲ. ಹೊತ್ತು ಇಳಿಯುವ ತನಕ ಕಾದರು. ಹೆರಿಗೆ ಮನೆಯಲ್ಲೇ ಆಯಿತು, ರಕ್ತ ನಿಲ್ಲಲಿಲ್ಲ. ಕಡೆಗೆ ಯಾರದೋ ಆಟೋದಲ್ಲಿ ಔರಾದ ಮುಟ್ಟಿಸಿದರು. ತಾಯಿ ಉಳಿದಳು, ಕೂಸೂ ಉಳಿಯಿತು. ಆ ಹುಡುಗಿ ಬಿಳಿಚಿಕೊಂಡು ಮನೆಗೆ ಮರಳಿದ ದಿನ ಅವಳ ಅತ್ತೆ ಓಣಿಗೆಲ್ಲ ಕೇಳುವಂತೆ ಹೇಳಿದ್ದು ಒಂದೇ ಮಾತು, ಆಶಾ ಬಾಯಿ ಫೋನೇ ಮಾಡಿಲ್ಲ. ದೂರು ಮೇಲೆ ಹೋಯಿತು. ನಮ್ಮ ರಾಜ್ಯದ ಆಂಬ್ಯುಲೆನ್ಸಿನವರು ಹುಡುಕಿ, ಆ ದಿನ ಆ ನಂಬರಿನಿಂದ ಕರೆಯೇ ಬಂದಿಲ್ಲ ಎಂದರು. ಅವರು ಹೇಳಿದ್ದು ನಿಜ. ಅಕ್ಕನಿಗೆ ನೋಟಿಸು ಬಂತು. ಕೆಲಸದಿಂದ ತೆಗೆಯುವುದಕ್ಕೆ ಮುಂಚೆ ಅಧಿಕಾರಿಯೊಬ್ಬರು ಊರಿಗೇ ಬಂದು ವಿಚಾರಣೆ ಮಾಡುತ್ತಾರೆ ಎಂದು ಅದರಲ್ಲಿತ್ತು. ಮತ್ತೆ ಅವಳು ಅಂಗಳದ ಹೊರಗೆ ಬಿದ್ದಳು.

ಅಕ್ಕ ಈ ಯಾವುದನ್ನೂ ನನಗೆ ಹೇಳಿರಲಿಲ್ಲ. ನಾನು ಭಾನುವಾರ ಅವಳ ಮನೆಗೆ ಹೋದಾಗ ರೊಟ್ಟಿ ಬಡಿಯುತ್ತಾ ತಾನಾಗಿಯೇ ಬಾಯಿ ಬಿಟ್ಟಳು.

"ಫೋನ್ ಹಚ್ಚೀನಿ, ಮಾತಾಡೀನಿ, ಗಾಡಿ ಕಳಸ್ತೀವಿ ಅಂದಾರ. ಈಗ ಫೋನೇ ಬಂದಿಲ್ಲ ಅಂತಾರ. ಹಂಗಾದ್ರ ನಾ ಗ್ವಾಡಿ ಸಂಗಟ ಮಾತಾಡೀನೇನು?"

"ಅಕ್ಕಾ, ಅವರು ಯಾವ ಭಾಷೀದಾಗ ಮಾತಾಡಿದ್ರು?"

"ಮರಾಠಿದಾಗ. ಯಾಕ?"

"ನೀ?"

"ನಾನೂ ಮರಾಠಿದಾಗೇ. ಅವರು ಮರಾಠಿ ಮಾತಾಡಿದ ಮ್ಯಾಲ ನಾ ಕನ್ನಡ ಮಾತಾಡ್ಲೇನು?"

ಇದು ನಮ್ಮ ಕಡೆಯ ನಡತೆ. ಎದುರಿನವರು ಯಾವ ಮಾತಿನಲ್ಲಿ ಶುರು ಮಾಡುತ್ತಾರೋ ಆ ಮಾತಿನಲ್ಲೇ ಉತ್ತರ ಕೊಡುತ್ತೇವೆ. ಅಂಗಡಿಯವನು ಮರಾಠಿಯಲ್ಲಿ ಕೇಳಿದರೆ ಮರಾಠಿ, ಆಟೋದವನು ದಖನಿ ಉರ್ದುವಿನಲ್ಲಿ ಕೇಳಿದರೆ ದಖನಿ. ಯಾವ ಭಾಷೆಯಲ್ಲಿ ಮಾತಾಡಿದೆ ಎಂದು ಆಮೇಲೆ ಕೇಳಿದರೆ ನೆನಪಿಸಿಕೊಂಡು ಹೇಳಬೇಕು. ಬೇರೆ ಊರಿನವಳಾಗಿದ್ದರೆ ಮರಾಠಿ ಕೇಳಿದ ಕೂಡಲೇ ಇದು ತಪ್ಪಿ ಎಲ್ಲೋ ಹೋಗಿದೆ ಎಂದು ಕರೆ ಕಡಿಯುತ್ತಿದ್ದಳು. ಅಕ್ಕನಿಗೆ ಅದು ಹೊಳೆಯಲು ಕಾರಣವೇ ಇರಲಿಲ್ಲ. ನಾನು ಆಗಲೇ ಅವಳ ಫೋನು ಹಿಡಿದು ಕುರಿದೊಡ್ಡಿಯ ಗೋಡೆಗೆ ಹೋದೆ. ರೋಮಿಂಗ್ ಗುರುತು ಕಂಡಿತು.  ಯಾರೋ ಒಬ್ಬರ ಗಾಜಿನ ಫಲಕಕ್ಕಾಗಿ ನನ್ನ ಅಕ್ಕ ಸುಳ್ಳುಗಾತಿಯಾಗಿದ್ದಳು.

ಸೋಮವಾರ ಮ್ಯಾನೇಜರ್ ಕೋಣೆಗೆ ಹೋದೆ. ನಡೆದದ್ದನ್ನೆಲ್ಲ ಹೇಳಿ, ಆ ಊರಿನಲ್ಲಿ ನಮ್ಮ ಟವರು ಸಿಗುವುದಿಲ್ಲ, ಫೋನುಗಳು ಪಕ್ಕದ ರಾಜ್ಯದ ಟವರು ಹಿಡಿಯುತ್ತವೆ ಎಂದು ಒಂದು ಸಾಲು ಬರೆದುಕೊಡಿ, ಸಾಕು ಎಂದೆ. ಅವರು ಕುರ್ಚಿ ತಿರುಗಿಸಿ ಪರದೆ ನೋಡಿದರು.

"ಯಾವ ಊರಮ್ಮ ಅದು? ಅಲ್ಲೆಲ್ಲ ಗ್ರೀನ್ ಇದೆಯಲ್ಲ."

"ಅದು ಹಳೆಯ ಲೆಕ್ಕದ ಹಸಿರು ಸರ್. ನೀವು ಟವರಿನ ತಲೆ ಬಗ್ಗಿಸಿದ ಮೇಲೆ ಅಲ್ಲಿ ಏನೂ ಇಲ್ಲ."

"ಹಾಗೆಲ್ಲ ರೈಟಿಂಗ್‌ನಲ್ಲಿ ಕೊಡೋಕಾಗಲ್ಲ. ಒಬ್ಬರಿಗೆ ಕೊಟ್ಟರೆ ಎಲ್ಲರೂ ಕೇಳ್ತಾರೆ. ನಿಮ್ಮ ಸಿಸ್ಟರ್ ವೈಫೈ ಕಾಲಿಂಗ್ ಆನ್ ಮಾಡ್ಕೊಳ್ಳಲಿ. ಅದಕ್ಕೇ ತಾನೇ ಹೆಟೆರೋಜೀನಿಯಸ್ ಅನ್ನೋದು?"

ಆ ಊರಿನಲ್ಲಿ ವೈಫೈ ಎಂದರೆ ಯಾರ ಮನೆಯ ಕೂಸು ಎಂದು ಕೇಳುತ್ತಾರೆ. ಬಟನ್ ಫೋನಿನಲ್ಲಿ ವೈಫೈ ಹೇಗೆ ಆನ್ ಮಾಡುವುದು ಎಂದು ನಾನು ಕೇಳಿದೆ.  ಬಟನ್ ಫೋನು ಎಂಬುದು ಇನ್ನೂ ಇದೆ ಎಂದು ಅವರಿಗೆ ಆಗ ನೆನಪಾಗಿರಬೇಕು. "ಪರ್ಸನಲ್ ವಿಷಯ ಆಫೀಸಿಗೆ ತರಬೇಡಿ" ಎಂದು ಹೇಳಿ ಕೈತೊಳೆದುಕೊಂಡರು. ಅವರಲ್ಲಿ ಕೆಟ್ಟತನ ಇತ್ತು ಎಂದು ನಾನು ಹೇಳುವುದಿಲ್ಲ. ಕೆಟ್ಟತನಕ್ಕೂ ಎದುರಿಗೆ ಒಬ್ಬ ಮನುಷ್ಯ ಇದ್ದಾನೆ ಎಂಬ ಅರಿವು ಬೇಕು. ಇವರಿಗೆ ಕಾಣುತ್ತಿದ್ದದ್ದು ಬಣ್ಣ ಮಾತ್ರ, ಅದೂ ಹಳೆಯದು.

ವಿಚಾರಣೆಯ ದಿನ ನಾನು ರಜೆ ಹಾಕಿ ಹೋದೆ. ಬಂದ ಅಧಿಕಾರಿ ಭಾಲ್ಕಿ ಕಡೆಯವರೇ. ಬೆವರು ಒರೆಸಿಕೊಳ್ಳುತ್ತಾ, ಬೇಗ ಮುಗಿಸಿ ಊಟಕ್ಕೆ ಬೀದರ ಮುಟ್ಟಬೇಕು ಎನ್ನುವ ಮುಖ ಮಾಡಿಕೊಂಡು ಇಳಿದರು. ಮನೆಯವರು ಕುರಿದೊಡ್ಡಿಯ ಎದುರಿನ ಅಂಗಳದಲ್ಲಿ ಕುರ್ಚಿ ಹಾಕಿದ್ದರು. ಒಂದು ಕಡೆ ಬಾಣಂತಿಯ ಅತ್ತೆ, ಊರವರೆಲ್ಲ ಆಯಿ ಎನ್ನುವ ಮುದುಕಿ, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಅಕ್ಕ ಅಂಗಳದ ಅಂಚಿನಲ್ಲಿ ನಿಂತಿದ್ದಳು. ಯಾರೂ ಅವಳನ್ನು ಒಳಗೆ ಕರೆಯಲಿಲ್ಲ, ಅವಳೂ ಕಾಲಿಡಲಿಲ್ಲ. ಅಧಿಕಾರಿ ಕೇಳಿದ್ದಕ್ಕೆಲ್ಲ ಒಂದೇ ಉತ್ತರ ಹೇಳಿದಳು, ಹಚ್ಚೀನ್ರಿ, ಮಾತಾಡೀನ್ರಿ. ಅವಳ ಫೋನಿನಲ್ಲಿ ಹಳೆಯ ಕರೆಗಳು ಅಳಿಸಿಹೋಗಿದ್ದವು.

"ಎಲ್ಲರೂ ಹಿಂಗೇ ಅಂತಾರವಾ" ಎಂದರು ಅಧಿಕಾರಿ. "ಹಚ್ಚಿದ್ರ ಅಲ್ಲಿ ದಾಖಲಾ ಇರಬೇಕಲ್ಲ."

ನಾನು ಮುಂದೆ ಹೋಗಿ, ನಾನು ಯಾರು, ಏನು ಕೆಲಸ ಮಾಡುತ್ತೇನೆ ಎಂದು ಹೇಳಿದೆ. "ಸಾಹೇಬ್ರ, ನಾ ಏನೂ ಹೇಳಂಗಿಲ್ರಿ. ನಿಮ್ಮ ಫೋನಿಲೆ ನೀವೇ ಇಲ್ಲಿಂದ ಆಂಬ್ಯುಲೆನ್ಸಿಗಿ ಹಚ್ರಿ. ಸುಮ್ನ ಹಚ್ಚಿದ್ದಲ್ಲ, ವಿಚಾರಣಿ ನಡದದ ಅಂತ ಹೇಳಿ ಕ್ಷಮಾ ಕೇಳ್ರಿ. ಸ್ಪೀಕರ್ ಹಾಕ್ರಿ."

ಅವರಿಗೆ ಇಷ್ಟವಿರಲಿಲ್ಲ. ಆದರೆ ಅಂಗಳದ ತುಂಬ ಜನ ನೋಡುತ್ತಿದ್ದರು. ಹಚ್ಚಿದರು. ಆ ಕಡೆಯಿಂದ ಹೆಣ್ಣುದನಿಯೊಂದು ಮರಾಠಿಯಲ್ಲಿ ಏನಾಗಿದೆ ಹೇಳಿ ಎಂದಿತು. ಸಾಹೇಬರು ಗಂಟಲು ಸರಿಪಡಿಸಿಕೊಂಡು, ನಯವಾದ ಮರಾಠಿಯಲ್ಲಿ, ನಾನು ಇಂಥ ಅಧಿಕಾರಿ, ಇಂಥ ಊರಿನಿಂದ ಮಾತಾಡುತ್ತಿದ್ದೇನೆ, ಈ ಊರಿಗೆ ಗಾಡಿ ಎಲ್ಲಿಂದ ಬರುತ್ತದೆ ಎಂದು ಕೇಳಿದರು. ಊರು ಸಿಗುತ್ತಿಲ್ಲ, ತಾಲೂಕು ಯಾವುದು ಎಂದಳು. ಔರಾದ ಎಂದರು. ಜಿಲ್ಲೆ ಯಾವುದು ಎಂದಳು. ಬೀದರ ಎಂದರು.  ಅವರಿಗೆ ಇನ್ನೂ ಹೊಳೆದಿರಲಿಲ್ಲ. ಅಂಗಳದಲ್ಲಿ ಯಾರಿಗೂ ಹೊಳೆದಿರಲಿಲ್ಲ, ಎಲ್ಲರೂ ಮರಾಠಿ ಬಲ್ಲವರೇ.

"ಬೀದರ ನಮ್ಮಲ್ಲಿ ಬರುವುದಿಲ್ಲ ಸರ್" ಎಂದಳು ಆ ಹೆಣ್ಣುಮಗಳು ಮರಾಠಿಯಲ್ಲಿ. "ಅದು ಕರ್ನಾಟಕ. ಇದು ಮಹಾರಾಷ್ಟ್ರ."

"ಮತ್ತ ನಾ ಎಲ್ಲಿ ಕೂತೀನಿ?" ಎಂದು ಸಾಹೇಬರು ಕನ್ನಡದಲ್ಲಿ ಕೇಳಿದರು. ಆ ಹೆಣ್ಣುಮಗಳಿಗೆ ಅದು ತಿಳಿಯಲಿಲ್ಲ. ಅವರು ಫೋನಿನ ಮುಖ ನೋಡಿ, ಗೋಡೆ ನೋಡಿ, ಕಡೆಗೆ ಅಕ್ಕನ ಕಡೆ ನೋಡಿದರು. 

ಆಮೇಲೆ ಅವರು ಅಕ್ಕನನ್ನು ಕುರ್ಚಿಯ ಹತ್ತಿರ ಕರೆದು, ನಿನ್ನ ಮೇಲಿನ ದೂರು ತೆಗೆದುಹಾಕುತ್ತೇನೆ, ಕೆಲಸಕ್ಕೆ ಏನೂ ಆಗುವುದಿಲ್ಲ ಎಂದು ಎಲ್ಲರ ಎದುರು ಬಿಗುಮಾನ ಮಾಡದೆ ಹೇಳಿದರು. ನನ್ನ ಕಡೆ ತಿರುಗಿ, "ಇದು ನಿಮ್ಮ ಕಂಪನಿ ಮಂದೀದು ತಲಿ ಬ್ಯಾನಿ. ನಾ ಬರದು ಕಳಸ್ತೀನಿ" ಎಂದರು. ಚಹಾ ಕುಡಿದು ಜೀಪು ಹತ್ತಿದರು.

ಅವರು ಬರೆದದ್ದರ ಫಲವನ್ನು ಇಲ್ಲಿಯೇ ಹೇಳಿ ಮುಗಿಸುತ್ತೇನೆ. ಟವರಿನ ತಲೆ ಮತ್ತೆ ಮೇಲೆದ್ದಿತು, ಆದರೆ ತಿಂಗಳ ಲೆಕ್ಕ ಕೆಡಬಾರದು ಎಂದು ಮ್ಯಾನೇಜರ್ ಸಾಕಷ್ಟು ಎಳೆದಾಡಿದ ಮೇಲೆ. ಎದ್ದ ಮೇಲೆ ಅದು ಅವರ ಹೊಸ ಸಾಧನೆಯಾಯಿತು. ಗಡಿಭಾಗದ ಕವರೇಜ್ ಸುಧಾರಣೆ ಎಂದು ಮೀಟಿಂಗಿನಲ್ಲಿ ದೊಡ್ಡ ಅಕ್ಷರಗಳಲ್ಲಿ ತೋರಿಸಿದರು. ತಾವೇ ತೋಡಿದ ಗುಂಡಿಯನ್ನು ತಾವೇ ಮುಚ್ಚಿ ಬೆನ್ನು ತಟ್ಟಿಸಿಕೊಳ್ಳುವುದನ್ನು ನಾನು ಕಣ್ಣಾರೆ ಕಂಡೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಕೈಕಟ್ಟಿ ಕೂತಿದ್ದೆ, ಅದನ್ನವರು ಗಮನಿಸಿದರು, ಗಮನಿಸಲಿ ಎಂದೇ ಕೂತಿದ್ದೆ.

ಆದರೆ ಆ ದಿನ, ಜೀಪಿನ ಧೂಳು ಇನ್ನೂ ಇಳಿಯುವ ಮೊದಲು, ನನಗೆ ಆಗಿದ್ದ ಸಂತೋಷವನ್ನು ಮುಚ್ಚಿಡಲು ಬರುತ್ತಿರಲಿಲ್ಲ. ಸಾಹೇಬರ ಮುಖ, ನಾಳೆ ಮ್ಯಾನೇಜರ್ ಮಾಡಲಿರುವ ಮುಖ, ಎರಡನ್ನೂ ನೆನೆದು ನಗು ಬರುತ್ತಿತ್ತು. ಆಯಿ ಎದ್ದು ಬಂದಳು. ನನ್ನ ಹತ್ತಿರ ಅಲ್ಲ, ಮೊದಲು ಅಕ್ಕನ ಹತ್ತಿರ. ಕೂಸನ್ನು ಅವಳ ಕೈಗೆ ಕೊಟ್ಟಳು. ಅಕ್ಕ ಕೂಸನ್ನು ಎದೆಗೆ ಒತ್ತಿಕೊಂಡು ಅಂಗಳದ ಒಳಗೆ ಬಂದಳು. ಅವಳ ಕಣ್ಣು ತುಂಬಿತ್ತು, ನನ್ನ ಮುಖದ ನಗು ಇನ್ನೂ ಆರಿರಲಿಲ್ಲ.

ಆಯಿ ಆಮೇಲೆ ನನ್ನ ಕಡೆ ತಿರುಗಿದಳು. ಬಾಗಿಲ ಹತ್ತಿರ ಅವಳ ಸಣ್ಣ ಸೊಸೆ ಚೌಕಟ್ಟು ಹಿಡಿದು ನಿಂತಿದ್ದಳು, ತುಂಬಿದ ಬಸುರಿ.

"ನೀ ಆ ಟಾವರಿನ ಆಫೀಸಿನಾಕಿ ಅಲ್ಲಾ?"

"ಹೌದ್ರಿ ಆಯಿ."

"ಈಕಿಗಿ ದಿನಾ ತುಂಬ್ಯಾವ. ನಾಳಿ ಬ್ಯಾನಿ ಎದ್ದು ಇಲ್ಲಿಂದ ಫೋನ್ ಹಚ್ಚಿದ್ರ ನಮ್ಮ ಗಾಡಿ ಬರ್ತದೇನು?"

"ಇನ್ನಾ ಇಲ್ರಿ. ಸಾಹೇಬ್ರು ಬರೀತಾರ, ಆಮ್ಯಾಲ ಸರಿ ಮಾಡ್ತಾರ."

"ಹಂಗಾದ್ರ ನೀ ಯಾಕ ನಗಲತ್ತಿ?"

ಅವಳು ಬೈಯಲಿಲ್ಲ, ದನಿ ಏರಿಸಲಿಲ್ಲ, ತಿಳಿಯದೆ ಕೇಳಿದಳು.  ಉತ್ತರ ಕೊಟ್ಟವಳು ಅಕ್ಕ. ಕೂಸನ್ನು ತೂಗುತ್ತಾ ಆ ಸಣ್ಣ ಸೊಸೆಗೆ ಹೇಳಿದಳು, "ಅರಬಿ-ಬಟ್ಟಿ ಗಂಟು ಕಟ್ಟಿಡವಾ. ನಾಳಿ ಮುಂಜಾನಿ ಬಸ್ಸಿಗಿ ಔರಾದಕ ಹೋಗಿ ದವಾಖಾನಿ ಹತ್ರ ಇರಮು. ಇವರ ಫೋನಿನ ಭರೋಸಾ ಬ್ಯಾಡ."

ಇವರು ಎನ್ನುವಾಗ ಅವಳು ನನ್ನ ಕಡೆ ನೋಡಿದಳು.